ಸೊನ್ನೆ ತೋರಿಸಿದ ಖಡಕ್ ರೊಟ್ಟಿ

“ಆಂಟಿ, ಖಡಕ್ ರೊಟ್ಟಿ ಇಲ್ಲೇ ಸಿಗುತ್ತಾ? ನೆಟ್‌ನಲ್ಲಿ ನೋಡಿ ಬಂದೆ.”

ಬಾಗಿಲಲ್ಲಿ ನಿಂತ ಹುಡುಗಿಯ ಮಾತು ಕೇಳಿ ನಾನು ಲ್ಯಾಪ್‌ಟಾಪ್‌ನಿಂದ ತಲೆಯೆತ್ತಿದೆ. ಅದು ಮುಂಬೈನ ಕಾಂದಿವಲಿಯ ಚಾಳಿನಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಶಾಂತಕ್ಕನ ಮನೆ. ಅವರ ಹೊಸ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ಜನ ಯಾವ ಪದ ಹಾಕಿ ಹುಡುಕುತ್ತಾರೆಂದು ತೋರಿಸುವ ಪುಕ್ಕಟೆ ಟೂಲ್‌ನಲ್ಲಿ ‘ಖಡಕ್ ರೊಟ್ಟಿ’ಗೆ ಸೊನ್ನೆ ಬಂದಿತ್ತು. ಪುಟದಿಂದ ಅದನ್ನು ತೆಗೆದು ‘ಹೆಲ್ದಿ ಮಿಲೆಟ್ ರೋಟಿ’ ಎಂದು ಹಾಕೋಣವೆಂದರೆ ಶಾಂತಕ್ಕ ಒಪ್ಪಿರಲಿಲ್ಲ. ಅವರನ್ನು ಒಪ್ಪಿಸಲೆಂದೇ ಅಂದು ಹೋಗಿದ್ದೆ.

ಹುಡುಗಿ ದಾದರ್‌ನವಳು. ಕಲಬುರಗಿಯಿಂದ ಬಂದ ಅವಳ ಅಜ್ಜಿ ಜ್ವರ ಹಿಡಿದು ಮಲಗಿದ್ದರಂತೆ, ಏನು ಕೊಟ್ಟರೂ ಬೇಡವೆನ್ನುತ್ತಿದ್ದರಂತೆ.

“ಅಜ್ಜಿ ಕೇಳಿದ್ದೇ ಟೈಪ್ ಮಾಡಿದೆ. ರೋಜ್... ದಿನಾ ಸರ್ಚ್ ಮಾಡ್ತಿದ್ದೆ, ಇವತ್ತು ನಿಮ್ಮ ಪೇಜ್ ಸಿಕ್ತು” ಎಂದು ತಡವರಿಸುತ್ತ ಹೇಳಿದಳು.

ಶಾಂತಕ್ಕ ನನ್ನತ್ತ ತಿರುಗಿದರು. “ಯಾರೂ ಹುಡುಕಂಗಿಲ್ಲ ಅಂದಿದ್ದಿ. ಈಕಿ ಯಾರು ಮತ್ತ, ತಮ್ಮಾ?”

ಲೋಕಲ್ ರೈಲಿನ ನೂಕಾಟದಲ್ಲಿ ರೊಟ್ಟಿ ಮುರಿಯಬಾರದೆಂದು ಅವರು ಎರಡು ಸ್ಟೀಲ್ ತಟ್ಟೆಗಳ ನಡುವೆ ಇಟ್ಟು, ಬಟ್ಟೆ ಕಟ್ಟಿ ಕೊಟ್ಟರು. “ಹಾಲಾಗ ನೆನಸಿ ಕೊಡವ್ವಾ, ತಿಂತಾರ” ಎಂದರು.

ಮರುವಾರ ತಟ್ಟೆಗಳು ವಾಪಸ್ ಬಂದವು. ಖಾಲಿ ತಟ್ಟೆ ಕಳಿಸಬಾರದೆಂದು ಅಜ್ಜಿ ತಾವೇ ಎದ್ದು ಒಂದು ಹಿಡಿ ಸಕ್ಕರೆ ಹಾಕಿ ಕಳಿಸಿದ್ದರು. ‘ಖಡಕ್ ರೊಟ್ಟಿ’ ಇಂದಿಗೂ ಪುಟದ ಮೇಲ್ಗಡೆಯೇ ಇದೆ. ಬೆರಳೆಣಿಕೆಯ ಹುಡುಕಾಟಗಳನ್ನು ಲೆಕ್ಕಕ್ಕೇ ಹಿಡಿಯದ ಟೂಲ್ ಇಂದಿಗೂ ಸೊನ್ನೆಯನ್ನೇ ತೋರಿಸುತ್ತದೆ.