ಅಣ್ಣ ತಂದ ಆಲಿವ್, ಅತ್ತೆ ಜಜ್ಜಿದ ಚಟ್ನಿ

ಗೆಳತಿಯರೆ, ಇವತ್ತು ಅಂಗಡಿಯಲ್ಲಿ ಆಲಿವ್ ಕಾಯಿಯ ಬಾಟಲಿ ಕಂಡು ಒಬ್ಬಳೇ ನಕ್ಕೆ. ಎಪ್ಪತ್ತರ ದಶಕದಲ್ಲಿ, ನಾನು ದೇವಣಗಾಂವದಿಂದ ಇಂಡಿಗೆ ಮದುವೆಯಾಗಿ ಬಂದ ಹೊಸದರಲ್ಲಿ, ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ನಮ್ಮಣ್ಣ ನನ್ನನ್ನು ನೋಡಲು ಬಂದಾಗ ಇಂಥದ್ದೇ ಬಾಟಲಿ ತಂದಿದ್ದ.

ಅತ್ತೆ ಒಂದು ಕಾಯಿ ಬಾಯಿಗಿಟ್ಟು ಮುಖ ಕಿವುಚಿದರು. "ಬೇವಿನಕಾಯಿ ಉಪ್ಪಿನ್ಯಾಗ ಹಾಕಿ ಕೊಟ್ಟಾರಲ್ಲೊ ತಮ್ಮಾ. ಮುಂಬಯಿ ಮಂದಿ ಇದನ್ನ ತಿಂತಾರೇನು?"

"ದೊಡ್ಡ ಸಾಹೇಬ್ರು ತಿಂತಾರ್ರಿ ಅತ್ತಿ," ಅಂದ ಅಣ್ಣ ತಲೆ ತಗ್ಗಿಸಿದ. ತವರಿನ ಮಾನ ಹೋಯಿತಲ್ಲ ಅಂತ ನನಗೆ ಅಳು ಬಂತು.

ಅತ್ತೆ ಬಾಟಲಿ ಹಿಡಿದು ಒಳಗೆ ನಡೆದರು. ತಿಪ್ಪೆಗೇ ಹೋಯಿತು ಅಂದುಕೊಂಡೆ. ಅವರು ಕಾಯಿ ತೊಳೆದು, ಬೀಜ ಬಿಡಿಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹಿಡಿ ಕೊತ್ತಂಬರಿ ಸೊಪ್ಪಿನ ಜೊತೆ ಒಳಕಲ್ಲಿನಲ್ಲಿ ಜಜ್ಜಿದರು. ಹಿತ್ತಲ ಗಿಡದ ನಿಂಬೆಹಣ್ಣು ಹಿಂಡಿ, ಶೇಂಗಾ ಎಣ್ಣೆಯ ಒಗ್ಗರಣೆ ಕೊಟ್ಟರು.

ಬಿಸಿ ರೊಟ್ಟಿಯ ಜೊತೆ ಬಡಿಸಿದಾಗ ಅಣ್ಣ ಒಂದು ರೊಟ್ಟಿ ಮುಗಿಸಿ ಅಂದ, "ಖರೇ ಹೇಳ್ತೇನಿ ಅತ್ತಿ, ನಾನೂ ಇದನ್ನ ಮೊದಲನೇ ಸಲ ತಿನ್ನಾಕತ್ತೇನಿ. ಅಲ್ಲಿ ಬರೇ ಸಾಹೇಬ್ರ ಮುಂದ ಒಯ್ದು ಇಡ್ತೇನ್ರಿ."

"ಹಂಗಾದ್ರ ಇಲ್ಲಿ ನೀನ ಸಾಹೇಬ. ಆರಾಮ ಕುಂತು ಉಣ್ಣು," ಅಂದ ಅತ್ತೆ ಮತ್ತೊಂದು ರೊಟ್ಟಿ ಹಾಕಿದರು.

ನನಗೆ ಉಳಿದದ್ದು ಒಳಕಲ್ಲಿಗೆ ಅಂಟಿದ ಚಟ್ನಿ. ಅದನ್ನೇ ರೊಟ್ಟಿಯಲ್ಲಿ ಒರೆಸಿ ತಿಂದೆ. ಇನ್ನಷ್ಟು ಬೇಕಿತ್ತು ನಿಜ, ಆದರೆ ತವರಿನವರು ಹೊಟ್ಟೆ ತುಂಬ ಉಂಡ ದಿನ ಯಾವ ಸೊಸೆಯೂ ತಕರಾರು ಮಾಡುವುದಿಲ್ಲ.