ಇಪ್ಪತ್ತಮೂರನೇ ನಂಬರಿಗೆ ಹತ್ತಕ್ಕೆ ಆರು

ನಮ್ಮ ಅಳಿಯಂದಿರು ಶ್ರೀಕಂಠ ಮಾಡುವ ಕೆಲಸವನ್ನು ಈ ಸಲದ ಚಳಿಗಾಲದಲ್ಲಿ ಹನ್ನೊಂದು ವಾರ ಅದೇ ಕೋಣೆಯಲ್ಲಿ ಕೂತು ನೋಡಿ ಬಂದಿದ್ದೇನೆ. ಆದರೂ ಯಾರಾದರೂ ಕೇಳಿದರೆ ಹೇಗೆ ಹೇಳಬೇಕೆಂದು ತೋಚುವುದಿಲ್ಲ. ಎಲ್ಲೋ ಸಮುದ್ರದಾಚೆ ಐಸಿನ ಮೇಲೆ ಹುಡುಗರು ಹಾಕಿ ಆಡುತ್ತಾರೆ. ಇವರು ಡಬ್ಲಿನ್ನಿನ ಸ್ಯಾಂಟ್ರಿಯಲ್ಲಿ, ಮೂರನೇ ಮಹಡಿಯ ಮನೆಯ ಸೋಫಾದಲ್ಲಿ ಕೂತು ಅದನ್ನು ಟಿವಿಯಲ್ಲಿ ನೋಡಿ, ಯಾವ ಹುಡುಗ ಮುಂದಕ್ಕೆ ಬರುತ್ತಾನೆ, ಯಾವನು ಬರುವುದಿಲ್ಲ ಎಂದು ಬರೆದು ಕಳಿಸುತ್ತಾರೆ. ಅದಕ್ಕೆ ಸಂಬಳ ಬರುತ್ತದೆ.

ಅವರಿಗೆ ಐಸಿನ ಮೇಲೆ ನಿಲ್ಲಲು ಬರುವುದಿಲ್ಲ. ಕಣ್ಣಾರೆ ಕಂಡೇ ಇದನ್ನು ಬರೆಯುತ್ತಿದ್ದೇನೆ. ಡಬ್ಲಿನ್ನಿನಲ್ಲಿ ಯಾವಾಗಲೂ ಇರುವ ಐಸ್ ಮೈದಾನ ಇಲ್ಲವಂತೆ. ಕ್ರಿಸ್‌ಮಸ್ಸಿಗೆಂದು ಕೆಲವು ವಾರ ಟೆಂಟು ಹಾಕಿ ಒಂದು ಮಾಡಿದ್ದರು. ಮೊಮ್ಮಗಳು ಐಶು ಹಟ ಹಿಡಿದಳೆಂದು ಎಲ್ಲರೂ ಹೋದೆವು. ಪುಟ್ಟ ಮಕ್ಕಳು ಬೀಳದ ಹಾಗೆ ಹಿಡಿದು ತಳ್ಳಲು ಅಲ್ಲಿ ಪ್ಲಾಸ್ಟಿಕ್ಕಿನ ಪೆಂಗ್ವಿನ್ ಗೊಂಬೆಗಳಿದ್ದವು. ಅಳಿಯಂದಿರು ಅದರಲ್ಲಿ ಒಂದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಒಂದೇ ಒಂದು ಸುತ್ತು ಬಂದರು. ಅಷ್ಟರಲ್ಲಿ ನಾಲ್ಕು ಸಲ ಬಿದ್ದರು.

"ಅಪ್ಪ, ಆ ಪೆಂಗ್ವಿನ್ ಚಿಕ್ಕ ಪಾಪುಗಳಿಗೆ. ಹಿಂದೆ ಒಂದು ಬೇಬಿ ಕಾಯ್ತಾ ಇದೆ," ಎಂದಳು ಐಶು.

"ಕಾಯಲಿ ಬಿಡೆ. ಇನ್ನೂ ಚಿಕ್ಕ ವಯಸ್ಸು ಅದಕ್ಕೆ," ಎಂದರು ಇವರು, ಬಿದ್ದಲ್ಲಿಂದಲೇ.

ಶ್ರೀಕಂಠ ಮೈಸೂರಿನವರು. ಹೈಸ್ಕೂಲಿನಲ್ಲಿ ಇವರನ್ನು ಕ್ರಿಕೆಟ್ ಆಡಲು ಸೇರಿಸಿಕೊಳ್ಳಲಿಲ್ಲ, ಸ್ಕೋರು ಬರೆಯಲು ಕೂರಿಸಿದರು. ಮೂರು ವರ್ಷ ಒಂದು ರನ್ನೂ ತಪ್ಪದಂತೆ ಬರೆದರಂತೆ. ದೊಡ್ಡವರಾದ ಮೇಲೆ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ಸೇರಿದರು. ಎರಡು ವರ್ಷದ ಹಿಂದೆ ಹೆಂಡತಿ ಮಗಳನ್ನು ಕರೆದುಕೊಂಡು ಡಬ್ಲಿನ್ನಿಗೆ ಬಂದು, ಗ್ರ್ಯಾಂಡ್ ಕೆನಾಲ್ ಡಾಕಿನ ಒಂದು ಆಫೀಸಿಗೆ ಸೇರಿದರು. ವರ್ಷ ತುಂಬಿದ ಸ್ವಲ್ಪ ದಿನಕ್ಕೆ ಆ ಆಫೀಸಿನವರು ಜನ ಕಡಿಮೆ ಮಾಡಿದಾಗ ಇವರ ಕೆಲಸವೂ ಹೋಯಿತು. ಇನ್ನೊಂದು ಕೆಲಸ ಹುಡುಕಿಕೊಳ್ಳಲು ವೀಸಾದವರು ಕೊಡುವುದು ಆರು ತಿಂಗಳ ಗಡುವು. ಐದನೇ ತಿಂಗಳಿನಲ್ಲಿ ಸ್ಯಾಂಟ್ರಿಯಲ್ಲೇ ಒಂದು ಸಣ್ಣ ಕಂಪನಿ ಸಿಕ್ಕಿತು. ಆಟಗಳ ವಿಡಿಯೋ ನೋಡಿ ಲೆಕ್ಕ ತೆಗೆಯುವ ಕಂಪನಿ. ಮೊದಲ ಆರು ತಿಂಗಳು ಪರೀಕ್ಷೆಯ ಕಾಲ. ಮಾರ್ಚ್ ಹದಿನಾಲ್ಕಕ್ಕೆ ಅದು ಮುಗಿಯುತ್ತಿತ್ತು. ಉಳಿಸಿಕೊಂಡರೆ ಇರಬಹುದು, ಬೇಡ ಎಂದರೆ ಊರಿಗೆ ಹೊರಡಬೇಕಾಗುತ್ತದೆ ಎಂದು ನನ್ನ ಮಗಳು ವಂದನಾ ಹೇಳಿದ್ದಳು. ಅಟ್ಟದ ಮೇಲಿದ್ದ ಖಾಲಿ ಸೂಟ್‌ಕೇಸುಗಳನ್ನು ಅವಳು ಜನವರಿಯಲ್ಲೇ ಇಳಿಸಿ ಒರೆಸಿಟ್ಟಿದ್ದಳು.

ಸೇರಿದಾಗ ಇವರಿಗೆ ಆಟ ನೋಡುವ ಕೆಲಸವಲ್ಲ, ಕಂಪ್ಯೂಟರಿನ ಕೆಲಸ. ಆಟ ನೋಡುತ್ತಿದ್ದವನು ಬಿಟ್ಟುಹೋದ. ಕಂಪನಿಯ ಯಜಮಾನ ಡೆಕ್ಲನ್ ಎಂಬಾತ, "ನೀನು ಬರೆದ ತಪ್ಪುಗಳ ಪಟ್ಟಿ ಓದಿದ್ದೀನಿ. ನಿನ್ನ ಕಣ್ಣಿಂದ ಏನೂ ತಪ್ಪಿಸ್ಕೊಳ್ಳಲ್ಲ, ನೀನೇ ನೋಡು," ಎಂದು ಆ ಕೆಲಸ ಇವರಿಗೆ ಕೊಟ್ಟ.

ಕೆಲಸ ಏನೆಂದರೆ ಇಷ್ಟು. ದುಡ್ಡು ಕೊಟ್ಟು ಆಡಿಸುವ ಒಂದು ದೊಡ್ಡ ತಂಡ ಸಮುದ್ರದಾಚೆಯ ಆ ದೇಶದಲ್ಲಿದೆ. ಅವರು ಹತ್ತೊಂಬತ್ತು ಇಪ್ಪತ್ತು ವರ್ಷದ ಹನ್ನೊಂದು ಹುಡುಗರನ್ನು ಮೊದಲೇ ಆರಿಸಿ ಹೆಸರು ಬರೆದಿಟ್ಟುಕೊಂಡಿದ್ದಾರೆ. ಹುಡುಗರು ಈಗ ಬೇರೆ ಬೇರೆ ಊರಿನ ಸಣ್ಣ ತಂಡಗಳಲ್ಲಿ ಆಡುತ್ತಿದ್ದಾರೆ. ಅವರಲ್ಲಿ ನಾಲ್ಕು ಜನರನ್ನು ಬೇಸಿಗೆಗೆ ದೊಡ್ಡ ತಂಡಕ್ಕೆ ಕರೆಯುತ್ತಾರೆ, ಉಳಿದ ಏಳು ಜನರನ್ನು ಬಿಡುತ್ತಾರೆ. ಅಳಿಯಂದಿರು ಒಬ್ಬೊಬ್ಬನದು ಆರು ಆಟ ನೋಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ನಾಲ್ಕು ಸಾಲು ಬರೆಯಬೇಕು.

ನಾನು ಸೊಪ್ಪು ಬಿಡಿಸುತ್ತ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದೆ. ಮೊದಲ ವಾರ ಎಲ್ಲ ಹುಡುಗರೂ ಒಂದೇ ತರಹ ಕಂಡರು. ತಲೆಗೆ ಟೋಪಿ, ಮೈಗೆ ಹಾಸಿಗೆ ಸುತ್ತಿದ ಹಾಗೆ ಬಟ್ಟೆ. ಅವರು ಕೋಲಿನಿಂದ ಬಡಿಯುವ ಕರಿ ಬಿಲ್ಲೆ ನನ್ನ ಕಣ್ಣಿಗೆ ಸಿಗುತ್ತಲೇ ಇರಲಿಲ್ಲ. ಅದಕ್ಕೇ ಬಿಲ್ಲೆ ಬಿಟ್ಟು ಹುಡುಗರನ್ನು ನೋಡತೊಡಗಿದೆ. ಆಗ ಬೆನ್ನಿನ ಮೇಲೆ ಇಪ್ಪತ್ತಮೂರು ಎಂದಿದ್ದ ಒಬ್ಬ ತೆಳ್ಳನೆಯ ಹುಡುಗ ಬೇರೆಯವರು ಮಾಡದ ಒಂದು ಕೆಲಸ ಮಾಡುವುದು ಕಂಡಿತು. ಅಳಿಯಂದಿರಿಗೆ ನೇರವಾಗಿ ಹೇಳುವುದು ನಮ್ಮಲ್ಲಿ ರೂಢಿಯಿಲ್ಲ. ಮಗಳ ಕಡೆ ತಿರುಗಿ ಹೇಳಿದೆ.

"ವಂದನಾ, ಆ ಸಣಕಲ ಹುಡುಗ ಬಿಲ್ಲೆ ಬರೋಕೆ ಮುಂಚೇನೇ ಹೆಗಲ ಮೇಲಿಂದ ಹಿಂದಕ್ಕೆ, ಯಾರು ಎಲ್ಲಿದ್ದಾರೆ ಅಂತ ನೋಡ್ಕೋತಾನೆ ಕಣೆ. ಮಿಕ್ಕಿದೋರು ಬಂದ್ಮೇಲೆ ನೋಡ್ತಾರೆ."

ಅಳಿಯಂದಿರು ಟಿವಿ ನಿಲ್ಲಿಸಿದರು. ಹಿಂದಕ್ಕೆ ಓಡಿಸಿ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಐಶುವಿನ ಗೆರೆ ಪುಸ್ತಕ ಒಂದನ್ನು ತೆಗೆದುಕೊಂಡು, ಸ್ಕೋರು ಬರೆಯುವ ಹಾಗೆ ಚೌಕದ ಮನೆ ಹಾಕಿದರು. ಬಿಲ್ಲೆ ಬರುವ ಮುಂಚೆ ನೋಡಿದರೆ ನಿಂತ ಗೆರೆ, ನೋಡದಿದ್ದರೆ ಮಲಗಿದ ಗೆರೆ. ಹನ್ನೊಂದು ಹುಡುಗರಿಗೂ ಆರಾರು ಆಟ ಹೀಗೆ ಗೆರೆ ಎಳೆದರು. ಮೂರು ವಾರ ಹಿಡಿಯಿತು. ಇಪ್ಪತ್ತಮೂರನೇ ನಂಬರಿನವನು ಇನ್ನೂರ ನಲವತ್ತು ಸಲದಲ್ಲಿ ಇನ್ನೂರ ಆರು ಸಲ ನೋಡಿದ್ದ. ಅವನ ನಂತರದವನು ನೂರ ಮೂವತ್ತೊಂದು ಸಲ. ಆ ಗೆರೆ ಪುಸ್ತಕವನ್ನು ಮಾತ್ರ ಯಾರಿಗೂ ಕಳಿಸಲಿಲ್ಲ. ತಮ್ಮ ಸಮಾಧಾನಕ್ಕೆ ಎಂದರು.

ಎಂಟನೇ ನಂಬರಿನ ಹುಡುಗನೊಬ್ಬನಿದ್ದ. ಎತ್ತರದ ಆಳು. ಎಲ್ಲರಿಗಿಂತ ಹಿಂದೆ ಬರುತ್ತಿದ್ದ, ಬೀಳುತ್ತಿದ್ದ, ಏಳುತ್ತಿದ್ದ. ಅವನು ಬಿದ್ದಾಗಲೆಲ್ಲ ಅಳಿಯಂದಿರು "ಪಾಪ" ಎನ್ನುತ್ತಿದ್ದರು.

ಫೆಬ್ರುವರಿ ಇಪ್ಪತ್ತಕ್ಕೆ ವರದಿ ಬರೆದು ಮುಗಿಸಿದರು. ಕಳಿಸುವ ಮುಂಚೆ ವಂದನಾ ಗಟ್ಟಿಯಾಗಿ ಓದಿ ನನಗೆ ಕನ್ನಡದಲ್ಲಿ ಹೇಳಿದಳು. ಎಂಟನೇ ನಂಬರು: ತುಂಬ ಒಳ್ಳೆಯ ಶ್ರಮ, ಒಳ್ಳೆಯ ಮನಸ್ಸು, ಮುಂದೆ ಬರುತ್ತಾನೆ, ಹತ್ತಕ್ಕೆ ಎಂಟು. ಇಪ್ಪತ್ತಮೂರನೇ ನಂಬರು: ಪರವಾಗಿಲ್ಲ, ಮೈ ಸಣ್ಣ, ಕಲಿಯುವುದು ಇನ್ನೂ ಇದೆ, ಹತ್ತಕ್ಕೆ ಆರು.

"ರೀ, ನಿಮಗೆ ಇಷ್ಟ ಆದವನು ಇವನೇ ಅಲ್ವಾ?" ಎಂದಳು ವಂದನಾ.

"ಅದಕ್ಕೇ ಆರು. ಈಗಲೇ ತಲೆ ಮೇಲೆ ಕೂರಿಸ್ಕೊಂಡ್ರೆ ಹುಡುಗ ಕೆಟ್ಟು ಹೋಗ್ತಾನೆ."

ನನಗೂ ಅದು ಸರಿಯೆಂದೇ ತೋರಿತು. ಇವರ ತಾಯಿ ಬಸಲಿಂಗಮ್ಮ, ನಮ್ಮ ಬೀಗಿತ್ತಿ, ಮಗ ಕ್ಲಾಸಿಗೆ ಮೊದಲು ಬಂದ ಎಂದು ಯಾರಾದರೂ ಹೇಳಿದರೆ, "ಏನೋ, ಓದ್ಕೋತಾನೆ," ಎಂದು ಮಾತು ತಿರುಗಿಸಿ, ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದರು. ನಾನೂ ವಂದನಾಳನ್ನು ಹಾಗೆಯೇ ಬೆಳೆಸಿದೆ. ಚೆನ್ನಾಗಿರುವ ಮಗುವನ್ನು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಬಾರದು, ದೃಷ್ಟಿಯಾಗುತ್ತದೆ. ಮಂದವಾಗಿರುವ ಮಗುವಿಗೆ ನಾಲ್ಕು ಒಳ್ಳೆಯ ಮಾತು ಹೇಳಿದರೆ ಅದು ಚಿಗುರುತ್ತದೆ. ಇದರಲ್ಲಿ ತಪ್ಪೇನು ಎಂದು ನನಗೆ ಹೊಳೆಯಲೇ ಇಲ್ಲ.

ಡೆಕ್ಲನ್‌ಗೂ ಹೊಳೆಯಲಿಲ್ಲ. ಅವನು ಕ್ಯಾವನ್ ಎಂಬ ಹಳ್ಳಿ ಕಡೆಯವನು. ಅಲ್ಲಿ ಮನೆ ಕಟ್ಟಿ ಮುಗಿಸಿದವನಿಗೂ 'ಪರವಾಗಿಲ್ಲ' ಎಂದರೆ ಅದೇ ಸನ್ಮಾನವಂತೆ. ಮಾತು ಮಾತ್ರ ಓದಿ, ಅಂಕ ನೋಡದೆ, "ಗ್ರ್ಯಾಂಡ್" ಎಂದು, ಅಂದರೆ ಸರಿಯಾಗಿದೆ ಎಂದು ಹೇಳಿ ತಂಡದವರಿಗೆ ಕಳಿಸಿಬಿಟ್ಟ. ಐಶುವಿನ ಶಾಲೆಯಲ್ಲಿ ನೋಡಿದರೆ, ಮಗು ತನ್ನ ಕೋಟು ತಾನೇ ಹಾಕಿಕೊಂಡರೆ "ಬ್ರಿಲಿಯಂಟ್" ಎನ್ನುತ್ತಾರೆ. ಒಂದೇ ದೇಶದಲ್ಲಿ ಕೋಟು ಹಾಕಿಕೊಂಡರೆ ಅಷ್ಟು, ಮನೆ ಕಟ್ಟಿದರೆ ಇಷ್ಟು. ಇದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಮಾರ್ಚ್ ನಾಲ್ಕು, ಮಂಗಳವಾರ, ಡೆಕ್ಲನ್ ಫೋನ್ ಮಾಡಿದ. ಅಳಿಯಂದಿರು ಕೇಳಿಸಿಕೊಂಡು, ಫೋನ್ ಇಟ್ಟು, ಟಿವಿ ಆರಿಸಿದರು.

"ತಂಡದವರಿಗೆ ವರದಿ ಮೇಲೆ ನಂಬಿಕೆ ಬಂದಿಲ್ವಂತೆ. ಎಂಟನೇ ನಂಬರಿನವನನ್ನ ಅವರ ಕೋಚೇ ಹೋಗಿ ನೋಡಿದ್ದಾನೆ. ನಿಧಾನ, ಆಗಲ್ಲ ಅಂದಿದ್ದಾನೆ. ನಾನು ಎಂಟು ಕೊಟ್ಟಿದ್ದೀನಿ. ಆರು ಕೊಟ್ಟ ಇಪ್ಪತ್ತಮೂರನೇ ನಂಬರಿನವನನ್ನ ಬಿಡೋಣ ಅಂತಿದ್ದಾರೆ. ಇಷ್ಟು ದೊಡ್ಡ ತಪ್ಪು ಇರೋ ವರದೀಲಿ ಮಿಕ್ಕಿದ್ದನ್ನ ಹೇಗೆ ನಂಬೋದು ಅಂತಾರೆ. ಶುಕ್ರವಾರ ನಾಲ್ಕು ಗಂಟೆಗೆ ವಿಡಿಯೋದಲ್ಲಿ ನಾನೇ ಉತ್ತರ ಹೇಳ್ಬೇಕು. ಅವರು ವರದಿ ತಳ್ಳಿಹಾಕಿದ್ರೆ ಡೆಕ್ಲನ್ ಹತ್ರ ನನಗೆ ಕೊಡೋಕೆ ಕೆಲಸ ಇಲ್ಲ."

ವಂದನಾ ಸೂಟ್‌ಕೇಸುಗಳ ಕಡೆ ನೋಡಿದಳು. ಆಮೇಲೆ ಕೇಳಿದಳು, "ಎಂಟನೇ ನಂಬರಿಗೆ ಎಂಟು ಯಾಕೆ ಕೊಟ್ರಿ?"

"ಪಾಪ, ಬಿದ್ದು ಬಿದ್ದು ಏಳ್ತಾನೆ."

"ಪಾಪ ಅನ್ನೋದಕ್ಕೂ ಅಂಕ ಇದೆಯಾ? ನನ್ನ ಉಪ್ಪಿಟ್ಟು ತಳ ಹಿಡಿದ್ರೆ ಒಂದಿನ ಪಾಪ ಅಂದಿಲ್ಲ ನೀವು."

"ಉಪ್ಪಿಟ್ಟು ಬೆಳೀತಿರೋ ಹುಡುಗ ಅಲ್ವಲ್ಲ."

ಯಾರೂ ನಗಲಿಲ್ಲ. ಇವರು ಪರವಾಗಿಲ್ಲ ಎಂದು ಬರೆದಾಗ ಅದು ಸರಿ ಎಂದು ತಲೆಯಾಡಿಸಿದವಳು ನಾನು. ಈಗ ಹೇಳಬೇಕಾದ್ದನ್ನು ಮಗಳ ಬಾಯಿಂದ ಹೇಳಿಸುವುದು ನ್ಯಾಯವೆನಿಸಲಿಲ್ಲ. ಮೊದಲ ಸಲ ಅವರ ಕಡೆಗೇ ತಿರುಗಿ, "ಅಳಿಯಂದ್ರೇ, ಆ ಗೆರೆ ಪುಸ್ತಕ ಐತಲ್ಲ, ಅದನ್ನ ಅವರಿಗೆ ತೋರಿಸೋಕೆ ಆಗಲ್ವಾ?" ಎಂದೆ.

"ಪುಸ್ತಕ ತೋರಿಸಬಹುದು ಅತ್ತೆ. ಆದ್ರೆ ಮೊದಲು ಬಾಯಲ್ಲಿ ಹೇಳ್ಬೇಕಲ್ಲ, ಇವನೇ ಎಲ್ಲರಿಗಿಂತ ಚೆನ್ನಾಗಿದ್ದಾನೆ ಅಂತ." ಟಿವಿಯ ರಿಮೋಟನ್ನು ಮೇಜಿನ ಮೇಲಿಟ್ಟರು. "ನನಗೆ ಯಾರೂ ಹಾಗೆ ಹೇಳಿದ್ದಿಲ್ಲ. ನಾನೂ ಯಾರಿಗೂ ಹೇಳಿಲ್ಲ. ಮಾತು ಹೇಗೆ ಶುರು ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ."

ಶುಕ್ರವಾರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮನೆಯ ಪ್ಯಾಂಟು. ಅಡುಗೆಮನೆಯ ಬಾಗಿಲಲ್ಲಿ ನಾನು, ಐಶು ನಿಂತಿದ್ದೆವು. ಪರದೆಯ ಮೇಲೆ ಆಚೆ ದೇಶದ ಮೂವರ ಮುಖ, ಪಕ್ಕದ ಚೌಕದಲ್ಲಿ ಡೆಕ್ಲನ್. ಐಶು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

"ಇಪ್ಪತ್ತಮೂರು ಬಗ್ಗೆ ಕೇಳಿದ್ರು ಅಜ್ಜಿ. ಅಪ್ಪ 'ನಾಟ್ ಬ್ಯಾಡ್' ಅಂದ್ರು. ನೌ ಹೀ ಸ್ಟಾಪ್ಡ್."

ಇವರು ನಿಜಕ್ಕೂ ನಿಲ್ಲಿಸಿಬಿಟ್ಟಿದ್ದರು. ಗೋಡೆ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಒಂಬತ್ತು ಗೆರೆ ದಾಟಿತು. ಆಮೇಲೆ ನೀರು ಕುಡಿದು, ತಿರುಗಿ ಮಾತಾಡಿದರು. ಐಶು ಅದನ್ನು ನನಗೆ ಹೀಗೆ ಹೇಳಿದಳು: "ನಾನು ಆರು ಕೊಟ್ಟಿದ್ದು ತಪ್ಪು. ಇವನು ಹನ್ನೊಂದು ಜನರಲ್ಲಿ ಫಸ್ಟ್. ನಮ್ಮ ಮನೇಲಿ ಗುಡ್ ಮಕ್ಕಳಿಗೆ ಗುಡ್ ಅಂತ ಹೇಳಲ್ಲ, ಅದು ಇವನ ತಪ್ಪಲ್ಲ. ಅಂಕ ಬದಲಾಯಿಸ್ತೀನಿ, ಆದ್ರೆ ನನ್ನ ಮಾತು ನಂಬಬೇಡಿ, ಇದನ್ನ ನೋಡಿ."

ಗೆರೆ ಪುಸ್ತಕವನ್ನು ಎತ್ತಿ ಹಿಡಿದರು. ಪುಟ ಪುಟವಾಗಿ ಹನ್ನೊಂದು ಹುಡುಗರದನ್ನೂ ತೋರಿಸಿದರು. ಮುಖಪುಟದಲ್ಲಿ ಐಶು ಅಂಟಿಸಿದ ಕುದುರೆಮರಿಯ ಚಿತ್ರವಿತ್ತು. ಅದೂ ಅವರಿಗೆ ಕಂಡಿರಬೇಕು. ಆಚೆಯವರಲ್ಲಿ ಒಬ್ಬಳು ಹೆಂಗಸು ಹತ್ತಿರ ಬಾಗಿ ನೋಡಿ, ಯಾವ ಆಟ, ಎಷ್ಟನೇ ನಿಮಿಷ ಎಂದೆಲ್ಲ ಕೇಳಿದಳು. ಇವರು ಎಲ್ಲಕ್ಕೂ ಉತ್ತರ ಹೇಳಿದರು. ಆಚೆಯವರು ಮಂಗಳವಾರ ತಿಳಿಸುತ್ತೇವೆ ಎಂದರು.

ಹುಡುಗನನ್ನು ಅಷ್ಟು ಜನರ ಮುಂದೆ ಹೊಗಳಿಯಾಗಿತ್ತು. ನನ್ನ ಮನಸ್ಸು ತಡೆಯಲಿಲ್ಲ. ಅಳಿಯಂದಿರು ಟಿವಿಯಲ್ಲಿ ಆ ಹುಡುಗನ ಆಟ ಹಾಕಿ ನಿಲ್ಲಿಸಿ, ಕೈಕಾಲು ತೊಳೆಯಲು ಹೋಗಿದ್ದರು. ನಾನು ಹರಳುಪ್ಪು, ಐದು ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಟಿವಿಯ ಮುಂದೆ ಮೂರು ಸಲ ನಿವಾಳಿಸಿದೆ. ಅಲ್ಲಿಯ ಕರೆಂಟು ಒಲೆಯಲ್ಲಿ ಬೆಂಕಿ ಇರುವುದಿಲ್ಲ. ಹಂಚು ಕಾಯಿಸಿ ಅದರ ಮೇಲೆ ಹಾಕಿದೆ. ಹೊಗೆ ಮೇಲಕ್ಕೆ ಹೋಯಿತು, ಚಾವಣಿಯಲ್ಲಿದ್ದ ಬೆಂಕಿ ಎಚ್ಚರಿಕೆಯ ಗಂಟೆ ಕಿರುಚತೊಡಗಿತು. ವಂದನಾ ಕಿಟಕಿ ತೆಗೆದು ಟವೆಲ್ ಬೀಸಿದಳು. ಅಳಿಯಂದಿರು ಒದ್ದೆ ಮುಖದಲ್ಲೇ ಓಡಿಬಂದರು.

"ಯಾರಿಗೆ ಅತ್ತೆ ಇದು?"

"ಆ ಹುಡುಗನಿಗೆ."

ಅವರು ಸ್ಟೂಲ್ ಹತ್ತಿ ಗಂಟೆಯ ಬಾಯಿ ಮುಚ್ಚಿಸಿದರು. ಇಳಿದು ಬಂದು, ಕೆಮ್ಮುತ್ತ, "ಎಂಟನೇ ನಂಬರಿಗೂ ಒಂದು ಸಲ ನಿವಾಳಿಸಿಬಿಡಿ. ಅವನನ್ನ ಸುಮ್ ಸುಮ್ನೆ ಹೊಗಳಿದ್ದೀನಿ," ಎಂದರು.

ಮಂಗಳವಾರ ಮಧ್ಯಾಹ್ನ ಉತ್ತರ ಬಂತು. ಇಪ್ಪತ್ತಮೂರನೇ ನಂಬರಿನವನನ್ನು ಬೇಸಿಗೆಗೆ ಕರೆಯುತ್ತಾರೆ. ಮುಂದಿನ ವರ್ಷದ ಹುಡುಗರನ್ನು ನೋಡುವ ಕೆಲಸವನ್ನೂ ಇದೇ ಕಂಪನಿಗೆ ಕೊಡುತ್ತಾರೆ, ಗೆರೆ ಪುಸ್ತಕದ ಲೆಕ್ಕವೂ ಜೊತೆಗಿರಬೇಕು. ಡೆಕ್ಲನ್ ಫೋನ್ ಮಾಡಿ ಅಳಿಯಂದಿರ ಕೆಲಸ ಖಾಯಂ ಎಂದ. ವಂದನಾ ಆವತ್ತೇ ಸೂಟ್‌ಕೇಸುಗಳನ್ನು ಅಟ್ಟಕ್ಕೆ ಹಾಕಿದಳು. ನನ್ನದೊಂದನ್ನು ಮಾತ್ರ ಕೆಳಗೆ ಬಿಟ್ಟಳು. ಹದಿನಾರಕ್ಕೆ ನನ್ನ ವಿಮಾನ.

ಎಂಟನೇ ನಂಬರಿನವನನ್ನು ಬಿಟ್ಟಿದ್ದರು. ಅಳಿಯಂದಿರು ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಆ ಹುಡುಗನ ಆರು ಆಟಗಳನ್ನೂ ಮತ್ತೆ ಹಾಕಿದರು. ಯಾರೂ ಕೇಳದ ಕೆಲಸ. ನಾನು ಹೊರಡುವವರೆಗೆ, ಬಿಡುವಾದಾಗಲೆಲ್ಲ ಅದನ್ನೇ ನೋಡುತ್ತ ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆದರು. ಬಿದ್ದದ್ದು ನಲವತ್ತೊಂದು ಸಲ. ಎದ್ದದ್ದು ನಲವತ್ತೊಂದು ಸಲ.

"ಇದಕ್ಕೆ ಎಷ್ಟು ಅಂಕ ಕೊಡ್ತಾರೆ?" ಎಂದು ಕೇಳಿದೆ.

"ಇದಕ್ಕೆ ವರದೀಲಿ ಜಾಗಾನೇ ಇಲ್ಲ ಅತ್ತೆ," ಎಂದರು.

ಜಾಗವಿಲ್ಲದಿದ್ದರೆ ಏಕೆ ಎಣಿಸಿದಿರಿ ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವರು ನನ್ನ ಸೂಟ್‌ಕೇಸನ್ನು ತೂಕದ ಯಂತ್ರದ ಮೇಲಿಟ್ಟು ನೋಡುತ್ತಿದ್ದರು.