‘ನಿಮ್ಮದು ಯಾವ ವಿಮಾನ?’

ಪದ್ಮನಾಭನಗರದಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತ ವನಿತಾ ಒಮ್ಮೆ ಆಕಳಿಸುತ್ತಾರೆ, ಮೈಕಿನ ಗುಂಡಿ ಒತ್ತುತ್ತಾರೆ, ಪೋಲೆಂಡಿನಲ್ಲಿರುವ ಯಾರಿಗೋ ಎಡಕ್ಕೆ ತಿರುಗಲು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಆತ ಹಾರಿಸುತ್ತಿರುವುದು ಕಂಪ್ಯೂಟರಿನೊಳಗಿನ ವಿಮಾನ. ಇಳಿಯಬೇಕಿರುವುದೂ ಕಂಪ್ಯೂಟರಿನೊಳಗಿನ ಬೆಂಗಳೂರಿಗೆ. ಇಂಟರ್ನೆಟ್ಟಿನಲ್ಲಿ ದೇಶದೇಶದ ಹವ್ಯಾಸಿಗಳು ಕೂಡಿ ಆಡುವ ಆಟವಿದು: ಕೆಲವರು ವಿಮಾನ ಹಾರಿಸುತ್ತಾರೆ, ವನಿತಾರಂಥವರು ಅವರಿಗೆ ದಾರಿ ಹೇಳುತ್ತಾರೆ.

ಸಂಬಳವಿಲ್ಲದ ಈ ಕೆಲಸಕ್ಕೂ ಪರೀಕ್ಷೆಯಿದೆ. ವನಿತಾ ಇವತ್ತು ಎರಡನೇ ಸಲ ಕೂತಿದ್ದಾರೆ. ಪರೀಕ್ಷಕರು ಯಾವುದೋ ಊರಿನಿಂದ ಕೇಳಿಸಿಕೊಳ್ಳುತ್ತಿದ್ದಾರೆ. ಪಾಸಾದರೆ ಇಲ್ಲಿಗೆ ಇಳಿಯುವ ವಿಮಾನಗಳನ್ನೆಲ್ಲ ಒಬ್ಬರೇ ಸಾಲು ಹಿಡಿಸಬಹುದು. ಫೇಲಾದರೆ ಇದನ್ನು ಬಿಟ್ಟುಬಿಡುವುದಾಗಿ ತಾಯಿ ಪಾರ್ವತಮ್ಮನಿಗೆ ಮಾತು ಕೊಟ್ಟಿದ್ದಾರೆ.

“ದುಡ್ಡಿಲ್ಲ, ನಿದ್ದೆ ಇಲ್ಲ. ಯಾರ್ಗೋ ದಾರಿ ತೋರಿಸ್ತಾಳಂತೆ,” ಎನ್ನುತ್ತಾ ಪಾರ್ವತಮ್ಮ, ಮಗಳ ಬಗ್ಗೆ ಬರೆಯಲು ಬಂದಿರುವ ನನಗೆ ಕಾಫಿ ಕೊಡುತ್ತಾರೆ. ಮಗಳ ಕಣ್ಣಿನ ಕೆಳಗಿನ ಕಪ್ಪು ನೋಡಿದರೆ ನಾನೂ ತಾಯಿಯ ಪಕ್ಷವೇ.

ವನಿತಾ ಅವರಿಗೆ ಮೂವತ್ತೊಂಬತ್ತು. ಕತ್ರಿಗುಪ್ಪೆಯ ನರ್ಸಿಂಗ್ ಹೋಮ್ ಒಂದರಲ್ಲಿ ರಿಸೆಪ್ಷನಿಸ್ಟ್. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಟೋಕನ್ ಕೊಡಬೇಕು, ಡಾಕ್ಟರ್ ತಡವಾಗಿ ಬಂದರೆ ಬೈಸಿಕೊಳ್ಳಬೇಕು. ಲಾಕ್‌ಡೌನಿನಲ್ಲಿ ತಮ್ಮ ಯುವರಾಜ್ ಈ ಆಟ ಹಚ್ಚಿಕೊಂಡಿದ್ದ. ಅವನಿಗೆ ಬೇಸರ ಬಂತು, ಅಕ್ಕ ಅಂಟಿಕೊಂಡರು.

ತೆರೆಯ ಮೇಲೆ ಒಂದೊಂದು ವಿಮಾನವೂ ಒಂದೊಂದು ಚುಕ್ಕೆ, ಪ್ರತಿ ಚುಕ್ಕೆಯ ಪಕ್ಕದಲ್ಲೂ ಅದು ಯಾವ ವಿಮಾನವೆಂದು ಹೇಳುವ ನಾಲ್ಕಕ್ಷರದ ಕೋಡ್. ಎಟಿ76 ಎಂದರೆ ರೆಕ್ಕೆಯಲ್ಲಿ ಫ್ಯಾನ್ ತಿರುಗುವ ನಿಧಾನದ ಎಟಿಆರ್, ಬಿ77ಡಬ್ಲ್ಯು ಎಂದರೆ ದೈತ್ಯ ಬೋಯಿಂಗ್. ವಿಮಾನ ಎಷ್ಟು ಭಾರ, ಎಷ್ಟು ವೇಗ, ಅದೆಬ್ಬಿಸುವ ಗಾಳಿಯ ಸುಳಿಗೆ ಇನ್ನೊಂದು ಸಿಗದಂತೆ ಹಿಂದೆ ಎಷ್ಟು ದೂರ ಬಿಡಬೇಕು ಎಂಬುದೆಲ್ಲ ಆ ಕೋಡಿನಿಂದ ತಿಳಿಯಬೇಕು. ಆದರೆ ಅದನ್ನು ತುಂಬುವವರು ಹಾರಿಸುವವರೇ. ವಿಮಾನ ಬದಲಿಸುತ್ತಾರೆ, ಕೋಡ್ ಬದಲಿಸಲು ಮರೆಯುತ್ತಾರೆ. ಹೋದ ಸಲ ಎಟಿಆರ್ ಎಂದು ಬರೆದುಕೊಂಡು ಬಂದದ್ದು ಬೋಯಿಂಗ್ ಆಗಿತ್ತು. ಅದರ ಹಿಂದೆ ಇನ್ನೊಂದನ್ನು ತೀರಾ ಹತ್ತಿರ ಬಿಟ್ಟು ವನಿತಾ ಫೇಲಾದರು.

“ಕೋಡನ್ನೇ ನಂಬ್ಬಿಟ್ಟೆ, ಚುಕ್ಕೆ ಎಷ್ಟು ಜೋರಾಗಿ ಬರ್ತಿದೆ ಅಂತ ನೋಡ್ಲಿಲ್ಲ. ತಪ್ಪು ಅವನ್ದೇ ಇರ್ಬೋದು. ಆದ್ರೆ ಕೇಳ್ಬೇಕಾಗಿದ್ದು ನಾನು,” ಎನ್ನುತ್ತಾರೆ.

ಇವತ್ತೂ ಅಂಥದ್ದೇ ಒಂದು ಒಕ್ಕರಿಸುತ್ತದೆ. ಕೋಡ್ ವೇಗದ ಏರ್‌ಬಸ್ ಎನ್ನುತ್ತದೆ, ಚುಕ್ಕೆ ಮಾತ್ರ ತೆವಳುತ್ತಿದೆ. ಅದರ ಹಿಂದೆಯೇ ಬೋಯಿಂಗ್ ನುಗ್ಗಿ ಬರುತ್ತಿದೆ. ವನಿತಾ ನೆಟ್ಟಗೆ ಕೂರುತ್ತಾರೆ. ನಿಮ್ಮದು ಯಾವ ವಿಮಾನ ಎಂದು ವಿಚಾರಿಸುತ್ತಾರೆ. ಆತ ಸಾರಿ ಹೇಳಿ, ಎಟಿಆರ್ ಎಂದು ಒಪ್ಪಿಕೊಳ್ಳುತ್ತಾನೆ. ವನಿತಾ ಗದರುವುದಿಲ್ಲ. ಕೋಡ್ ತಿದ್ದಿ, ಬೋಯಿಂಗ್‌ಗೆ ವೇಗ ತಗ್ಗಿಸಲು ಹೇಳಿ, ಎರಡನ್ನೂ ಒಂದಾದ ಮೇಲೊಂದು ಇಳಿಸುತ್ತಾರೆ.

ಅರ್ಧ ಗಂಟೆಯ ನಂತರ ಪರೀಕ್ಷಕರು ಪಾಸ್ ಎಂದು ತಿಳಿಸುತ್ತಾರೆ. ನನಗೆ ಕುಣಿಯುವಷ್ಟು ಖುಷಿ. ವನಿತಾ ಹೆಡ್‌ಫೋನ್ ತೆಗೆದಿಟ್ಟು ಎರಡೂ ಕೈಯಿಂದ ಕತ್ತು ಒತ್ತಿಕೊಳ್ಳುತ್ತಾರೆ, ಅಷ್ಟೇ. ಡ್ಯೂಟಿಗೆ ಹೊತ್ತಾಗುತ್ತಿದೆ. ಇಷ್ಟು ದಣಿದು ಇದನ್ನೇಕೆ ಮಾಡುತ್ತೀರಿ ಎಂದು ಮೆಟ್ಟಿಲಿಳಿಯುತ್ತಾ ಕೇಳುತ್ತೇನೆ.

“ಡ್ಯೂಟೀಲಿ ಪೇಷೆಂಟ್‌ಗಳಿಗೆ ಕೂತ್ಕೊಳಿ ಅಂತ ಹತ್ತು ಸಲ ಹೇಳಿದ್ರೂ ಯಾರೂ ಕೇಳಲ್ಲ ಮೇಡಂ. ಇಲ್ಲಿ ಒಂದ್ಸಲ ಹೇಳ್ತೀನಿ. ಹಾರಿಸೋರು ಅದನ್ನೇ ನಂಗೆ ವಾಪಸ್ ಹೇಳಿ, ಹಂಗೇ ತಿರುಗ್ತಾರೆ.”